ಮದ್ದು ಮತ್ತು ಮಿತಿ

ಮಗುವು ಇರುಳೆಲ್ಲ ಕೆಮ್ಮುತ್ತಿರಲು, ತಾಯಿಯ ಕೈ ಅಂಗಡಿಯಿಂದ ತಂದಿರಿಸಿದ ಔಷಧದ ಸೀಸೆಯತ್ತ ಚಾಚುವುದು ಸಹಜವೇ ಸರಿ. ಆ ಕೈಯನ್ನು ನಡೆಸುವುದು ವಾತ್ಸಲ್ಯ. ಆದರೆ ವಾತ್ಸಲ್ಯವೊಂದರಿಂದಲೇ ಕಾರ್ಯವು ನಿರ್ದುಷ್ಟವಾಗುವುದೆ?

ಕೆಮ್ಮು ಬಹುಮಟ್ಟಿಗೆ ಶ್ವಾಸಮಾರ್ಗವನ್ನು ಶುದ್ಧಗೊಳಿಸಲು ದೇಹವು ಕೈಗೊಳ್ಳುವ ಉಪಾಯ. ಅದನ್ನು ಒಡನೆಯೇ ಅಡಗಿಸಬೇಕೆಂಬ ಆತುರವು ಲೋಕವನ್ನು ಹಿಂದೆಯೂ ವಂಚಿಸಿದೆ. 1898ರಲ್ಲಿ ಜರ್ಮನಿಯಲ್ಲಿ ಕೆಮ್ಮಿನ ಮದ್ದೆಂದು ಮಾರಾಟಕ್ಕೆ ಬಂದ ಹೆರಾಯಿನ್, ಕೆಲವೇ ವರ್ಷಗಳಲ್ಲಿ ಘೋರವಾದ ದುಶ್ಚಟಕ್ಕೆ ಮೂಲವೆಂದು ತಿಳಿದುಬಂದಿತು.

ಇಂದಿನ ಔಷಧಗಳು ಅಷ್ಟು ಉಗ್ರವಲ್ಲದಿದ್ದರೂ ನಿರಪಾಯಕರವಲ್ಲ. ಕೆಮ್ಮನ್ನು ತಡೆಯುವ ಡೆಕ್ಸ್‌ಟ್ರೊಮೆಥಾರ್ಫನ್ ಮಿತಿಮೀರಿದರೆ ಚಿತ್ತಭ್ರಮೆಯನ್ನುಂಟುಮಾಡುತ್ತದೆ. ಕೆಲವು ತರುಣರು ಆ ಭ್ರಮೆಯನ್ನೇ ಬಯಸಿ ಅದನ್ನು ಬೇಕೆಂದೇ ಹೆಚ್ಚಾಗಿ ಕುಡಿಯುವುದುಂಟು. ತಾಯಿಯಾದರೋ 5 ಮಿಲಿಲೀಟರಿನ ಚಮಚಕ್ಕೆ ಬದಲಾಗಿ 15 ಮಿಲಿಲೀಟರು ಹಿಡಿಯುವ ದೊಡ್ಡ ಚಮಚದಿಂದ ಅಳೆದರೆ, ಅರಿಯದೆಯೇ ಮೂರು ಪಾಲು ಕುಡಿಸಿದಂತಾಗುವುದು. ಇಬ್ಬರ ಉದ್ದೇಶಗಳಿಗೂ ಅಜಗಜಾಂತರವಿದೆ. ಆದರೆ ದೇಹವು ಉದ್ದೇಶವನ್ನು ವಿಚಾರಿಸದು. ಅಳತೆಯನ್ನು ಮಾತ್ರ ಬಲ್ಲುದು.

ಹಾಗಾದರೆ ತಾಯಿಯೂ ದೋಷಿಯೆ? ತಿಳಿಯಲು ಮಾರ್ಗವೇ ಇಲ್ಲದಲ್ಲಿ ಅಜ್ಞಾನವು ಕ್ಷಮ್ಯ; ತಿಳಿವು ಸೀಸೆಯ ಮೇಲೆಯೇ ಅಚ್ಚಾಗಿರುವಲ್ಲಿ ಅದನ್ನು ಓದದಿರುವುದು ಅಜ್ಞಾನವಲ್ಲ, ಉದಾಸೀನ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್‌ಗಳ ಒಂದು ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಮುದ್ರಿಸುವಂತೆ ಭಾರತದ ಔಷಧ ನಿಯಂತ್ರಣಾಧಿಕಾರಿಗಳು 2023ರಲ್ಲಿ ವಿಧಿಸಿದರು. ಮುದ್ರಿಸುವುದು ಅಧಿಕಾರದ ಕೆಲಸ. ಓದುವುದು ಗೃಹಸ್ಥರ ಧರ್ಮ.

ವೈದ್ಯನನ್ನು ಕೇಳದೆ ಕೊಂಡ ಮದ್ದಿನೊಡನೆ ವೈದ್ಯನ ಹೊಣೆಯೂ ಮನೆಯೊಳಗೆ ಬರುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತನ್ನು ಅರಿತ ವಾತ್ಸಲ್ಯವೇ ಮಗುವನ್ನು ಕಾಯಬಲ್ಲುದು.