ಗರಗಸ ಬದಲಾದ ಮೇಲೆ
ಹಳಿಯಾಳದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ ಮೊನ್ನೆ ದಾಂಡೇಲಿಗೆ ಬಂದಾಗ ಬಲು ಮಂಕಾಗಿದ್ದ. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಸಾಕು, ಯಂತ್ರವೇ ಪ್ರೋಗ್ರಾಂ ಬರೆದುಕೊಡುತ್ತದೆ. ಇನ್ನು ತನ್ನ ವಿದ್ಯೆಗೆ ಬೆಲೆಯೇನೆಂಬುದು ಅವನ ಚಿಂತೆ.

ಚಿಂತೆಯೇನೋ ಹಳೆಯದೇ. 1954ರಲ್ಲಿ ಫೋರ್ಟ್ರಾನ್ ಭಾಷೆಯನ್ನು ಯೋಜಿಸಿದ ಐಬಿಎಂ ಕಂಪನಿಯವರು, ಸಂಕೇತ ಬರೆಯುವ, ತಪ್ಪು ಹುಡುಕುವ ಕೆಲಸವೇ ಹೆಚ್ಚುಕಡಿಮೆ ಇಲ್ಲವಾದೀತೆಂದು ನಂಬಿದ್ದರು. ಆದದ್ದು ಬೇರೆ; ಕೆಲಸ ಸುಲಭವಾದಷ್ಟೂ ಕೆಲಸ ಹೇಳುವವರು ಹೆಚ್ಚಿದರು. ನಮ್ಮೂರ ನಾಟಾ ವ್ಯಾಪಾರ ಬಲ್ಲವರಿಗೆ ಇದು ಅರ್ಥವಾದೀತು. ಕೈಗರಗಸ ಹೋಗಿ ಯಂತ್ರದ ಗರಗಸ ಬಂದರೂ, ಸಾಗುವಾನಿ ದಿಮ್ಮಿಯ ಒಳಗೆ ಪೊಳ್ಳಿದೆಯೇ ಎಂದು ತಟ್ಟಿ ನೋಡುವ ಕೈ ಬೇಕೇ ಬೇಕು. ಕೈಯಿಂದ ಕೊಯ್ಯುತ್ತಿದ್ದವರು ಏನಾದರೆಂದು ಮಾತ್ರ ನಾವು ಕೇಳುವುದಿಲ್ಲ.

ಗಣಕದ ಗಂಧವೂ ಇಲ್ಲದ ನಾನು, ಮುಂಡಗೋಡದ ಕಡೆಯ ಒಂದು ಸಹಕಾರಿ ಸಂಘದ ಬೆಳೆಸಾಲದ ಲೆಕ್ಕಕ್ಕೆ ಆ ಯಂತ್ರದಿಂದಲೇ ಪ್ರೋಗ್ರಾಂ ಬರೆಸಿದ್ದೆ. ಕಾಲು ಗಂಟೆಯಲ್ಲಿ ಸಿದ್ಧ! ಬೀಗಿದೆ ಕೂಡ. ಅದೋ, ಒಂದೇ ಹೆಸರಿನ ಇಬ್ಬರು ರೈತರನ್ನು ಒಬ್ಬನನ್ನಾಗಿ ಮಾಡಿ ಒಬ್ಬನ ಸಾಲವನ್ನು ಇನ್ನೊಬ್ಬನ ತಲೆಗೆ ಕಟ್ಟಿತ್ತು. ಲೆಕ್ಕ ತಪ್ಪೆಂದು ಹಿಡಿದವರು ಮೂವತ್ತು ವರ್ಷ ಖಾತೆ ಬರೆದ ಗುಮಾಸ್ತರು. ತಪ್ಪು ಎಲ್ಲಿದೆಯೆಂದು ತೋರಿಸಿದವನು ಇದೇ ಅಳಿಯ.

“ನೋಡು, ನೀನೂ ಬೇಕಾದೆಯಲ್ಲ?” ಎಂದೆ.

“ಖರೇ ಮಾಮಾ. ಆದ್ರ ಸಣ್ಣ ಕೆಲಸೆಲ್ಲಾ ಯಂತ್ರನ ಮಾಡಿದ್ರ, ನಾ ಕಲಿಯೋದು ಎಲ್ಲಿ?”

ಗುಮಾಸ್ತರ ಕೈ ಪಳಗಿದ್ದು ಸಣ್ಣ ಲೆಕ್ಕಗಳಲ್ಲೇ ಎಂಬುದು ನೆನಪಾಗಿ ಸುಮ್ಮನಾದೆ.