ಮುಟ್ಟಿದ ಕಾಯಿ

ನಿಯಮವು ಮನುಷ್ಯನನ್ನು ಎಲ್ಲಿಯವರೆಗೆ ಕಾಯಬಲ್ಲುದು, ಎಲ್ಲಿಂದ ಮುಂದೆ ಅವನು ತನ್ನನ್ನು ತಾನೇ ಕಾಯ್ದುಕೊಳ್ಳಬೇಕು ಎಂಬುದು ನೀತಿವಿಚಾರದ ಹಳೆಯ ಪ್ರಶ್ನೆ. ಎಳೆಯರ ಚದುರಂಗದ ಮಣೆಯ ಮೇಲೆಯೂ ಈ ಪ್ರಶ್ನೆ ಏಳುತ್ತದೆ.

ತರುಣರ ವಿಶ್ವ ಚದುರಂಗ ಸ್ಪರ್ಧೆಯು 1951ರಲ್ಲಿ ಇಂಗ್ಲೆಂಡಿನಲ್ಲಿ ಮೊದಲಾಯಿತು. 1987ರಲ್ಲಿ ಫಿಲಿಪ್ಪೀನ್ಸಿನ ಬಾಗಿಯೊ ನಗರದಲ್ಲಿ ವಿಶ್ವನಾಥನ್ ಆನಂದ್ ಅವರು ಈ ಪದವಿಯನ್ನು ಪಡೆದ ಮೊದಲ ಭಾರತೀಯರಾದರು. ಇಲ್ಲಿ ಗೆಲವಿಗೆ ಒಂದು ಅಂಕ, ಸಮಕ್ಕೆ ಅರ್ಧ, ಸೋಲಿಗೆ ಸೊನ್ನೆ. ಹಲವು ದಿನಗಳ ಶ್ರಮವು ಒಮ್ಮೊಮ್ಮೆ ಆ ಅರ್ಧ ಅಂಕದ ಮೇಲೆ ನಿಂತಿರುತ್ತದೆ.

ಆಟದ ನಿಯಮವೊಂದುಂಟು: ತನ್ನ ಸರದಿಯಲ್ಲಿ ಬೇಕೆಂದು ಮುಟ್ಟಿದ ಕಾಯಿಯನ್ನು, ನಡೆಸಲು ಸಾಧ್ಯವಿದ್ದರೆ, ನಡೆಸಲೇಬೇಕು. ಕಾಯಿಯನ್ನು ಮನೆಯಲ್ಲಿ ಸರಿಯಾಗಿ ನಿಲ್ಲಿಸುವುದಾದರೆ ಮೊದಲೇ ಹಾಗೆಂದು ಹೇಳಿ ಮುಟ್ಟಬೇಕು.

ಒಬ್ಬ ಬಾಲಕನು ಕುದುರೆಯನ್ನು ಮುಟ್ಟಿದನೆಂದು ಭಾವಿಸೋಣ. ಅದನ್ನು ನಡೆಸಿದರೆ ಮಂತ್ರಿ ಹೋಗುವುದೆಂದು ಮರುಕ್ಷಣವೇ ಕಂಡಿತು. ಎದುರಾಳಿ ನೀರು ಕುಡಿಯಲು ಎದ್ದು ಹೋಗಿದ್ದಾನೆ. ತೀರ್ಪುಗಾರನು ಬೇರೊಂದು ಮಣೆಯ ಬಳಿ ಇದ್ದಾನೆ. ಈಗ ಕೈಯನ್ನು ಹಿಂದೆಗೆದರೆ ಕೇಳುವವರಾರು? ಕಾಣದವನು ದೂರು ಕೊಡಲಾರ. ಕಂಡವನೂ ತಾನು ಬೇಕೆಂದು ಒಂದು ಕಾಯಿಯನ್ನು ಮುಟ್ಟಿದೊಡನೆ ದೂರುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ನಿಯಮದ ಕೈ ಅಲ್ಲಿಗೆ ಮುಗಿಯಿತು. ಆದರೆ ಮುಟ್ಟಿದ ಕಾಯಿ ಮುಟ್ಟದ ಕಾಯಿಯಾಯಿತೇ?

ಇದರಿಂದ ಯಾರಿಗೇನು ಹಾನಿ ಎನ್ನಬಹುದು. ಎದುರಾಳಿಯು ಮಣೆಯನ್ನು ಬಿಟ್ಟು ಎದ್ದದ್ದು ವಿಶ್ವಾಸದಿಂದ; ಆ ವಿಶ್ವಾಸವೇ ಇಲ್ಲಿ ಕಳವಾದ ಒಡವೆ. ಇನ್ನು ಗೆದ್ದವನ ಗತಿಯೇನು? ಅಂಕಪಟ್ಟಿಯು ಅವನನ್ನು ಸಮರ್ಥನೆಂದು ಸಾರುವುದು. ತಾನು ನಿಜವಾಗಿ ಸಮರ್ಥನೇ ಎಂಬುದನ್ನು ಮಾತ್ರ ಅವನು ಆ ಆಟದಿಂದ ತಿಳಿಯಲಾರ. ಬಲವನ್ನು ಅಳೆಯಲೆಂದು ಕುಳಿತವನು ಅಳತೆಗೋಲನ್ನೇ ಮುರಿದಂತಾಯಿತು.

ಇದು ಅಲ್ಪ ವಿಷಯ, ದೊಡ್ಡ ಸಂದರ್ಭದಲ್ಲಿ ಸತ್ಯವನ್ನು ಪಾಲಿಸಿದರಾಯಿತು ಎಂಬುದೂ ಸಲ್ಲದು. ಕನ್ನಡದಲ್ಲಿ ಕಾಯಿಯ ಚಲನೆಗೂ ನಡೆಯೆನ್ನುತ್ತೇವೆ, ಮನುಷ್ಯನ ಆಚಾರಕ್ಕೂ ನಡೆಯೆನ್ನುತ್ತೇವೆ. ಎಳವೆಯಲ್ಲಿ ಕೈಗೆ ಬಂದ ರೂಢಿಯೇ ಮುಂದೆ ಅಂಗಡಿಯ ತಕ್ಕಡಿಯಲ್ಲಿಯೂ ಕಚೇರಿಯ ಕಡತದಲ್ಲಿಯೂ ತೋರುವುದು.

ಆದುದರಿಂದ ಗೃಹಸ್ಥರ ಹೊಣೆಯೂ ಇಲ್ಲಿ ಕಿರಿದಲ್ಲ. ಮನೆಗೆ ಬಂದ ಮಗುವನ್ನು ‘ಗೆದ್ದೆಯಾ?’ ಎಂದಷ್ಟೇ ಕೇಳುವ ಮನೆಯು, ಕೈಯನ್ನು ಹಿಂದೆಗೆಯುವ ವಿದ್ಯೆಯನ್ನು ಅರಿಯದೆಯೇ ಕಲಿಸುತ್ತದೆ. ಯಾರೂ ಕಾಣದಿದ್ದಾಗಲೂ ಮುಟ್ಟಿದ ಕುದುರೆಯನ್ನೇ ನಡೆಸಿ ಸೋತು ಬಂದ ಮಗುವನ್ನು ಹತ್ತಿರ ಕುಳ್ಳಿರಿಸಿಕೊಂಡು ಮೆಚ್ಚುವ ತಾಯಿತಂದೆಗಳಿದ್ದರೆ, ಆ ಸೊನ್ನೆ ಅಂಕವು ವ್ಯರ್ಥವಾಗದು.