ಅಂತಿಯೋಕ್ಯದಲ್ಲಿ ಉಳಿದ ಮೂವರು



ಇಂದು ಕನ್ನಡ ವಾಚನ ಓದಿದ ನಮ್ಮ ಉಪದೇಶಿ ಮೇಷ್ಟ್ರು ಮುಂದಿನ ಭಾನುವಾರ ಇಲ್ಲಿರುವುದಿಲ್ಲ. ಮೈಸೂರಿನ ಶಾಲೆಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿದೆ.

"ದೇವರ ಕೆಲಸ ಬಿಟ್ಟು ಸಂಬಳದ ಕೆಲಸಕ್ಕೆ ಹೊರಟರಂತೆ" ಎಂಬ ಮಾತು ನನ್ನ ಕಿವಿಗೂ ಬಿತ್ತು. ಉಪದೇಶಿಗೆ ನಾವು ಕೊಡುವುದೆಷ್ಟು ಎಂದು ಹಾಗೆ ಹೇಳಿದವರಿಗೂ ಗೊತ್ತು. ಓದುವ ಇಬ್ಬರು ಹೆಣ್ಣುಮಕ್ಕಳಿರುವ ಮನೆ ಅದರಲ್ಲಿ ನಡೆಯದು. ನಾಚಿಕೆಯಾಗಬೇಕಾದದ್ದು ನಮಗೆ, ಅವರಿಗಲ್ಲ.

ಜೂನ್ 11 ಸಂತ ಬಾರ್ನಬರ ಸ್ಮರಣೆ. ಪ್ರೇಷಿತರ ಕಾರ್ಯಕಲಾಪಗಳ 13ನೇ ಅಧ್ಯಾಯದ ಆರಂಭವನ್ನು ಅಂದು ಓದುತ್ತೇವೆ. ಅಂತಿಯೋಕ್ಯದ ಸಭೆಯಲ್ಲಿ ಬೋಧಿಸುತ್ತಿದ್ದ ಐವರ ಹೆಸರು ಅಲ್ಲಿದೆ: ಬಾರ್ನಬ, ಸಿಮೆಯೋನ, ಸಿರೇನಿನ ಲೂಸಿಯ, ಹೆರೋದನ ಜೊತೆ ಬೆಳೆದ ಮೆನಹೇನ, ಸೌಲ. ಒಬ್ಬೊಬ್ಬರೂ ಒಂದೊಂದು ಕಡೆಯವರು, ನಮ್ಮ ಧರ್ಮಕ್ಷೇತ್ರದ ಹಾಗೆಯೇ. ಪವಿತ್ರಾತ್ಮರು ಕೇಳಿದ್ದು ಯಾರನ್ನು? ಬಾರ್ನಬ ಮತ್ತು ಸೌಲರನ್ನು. ಒಂದು ವರ್ಷ ಪೂರ್ತಿ ಆ ಸಭೆಗೆ ಬೋಧಿಸಿದವರು ಇವರೇ. ಸಭೆ ಉಪವಾಸವಿದ್ದು, ಪ್ರಾರ್ಥಿಸಿ, ಅವರ ಮೇಲೆ ಕೈಯಿರಿಸಿ ಕಳುಹಿಸಿಕೊಟ್ಟಿತು.

ಅವರು ಸೈಪ್ರಸ್ಸಿಗೆ ಹಡಗು ಹತ್ತಿದ ಕಥೆ ನಮಗೆಲ್ಲ ಗೊತ್ತು. ಆದರೆ ಸಿಮೆಯೋನ, ಲೂಸಿಯ, ಮೆನಹೇನ ಆಮೇಲೆ ಏನು ಮಾಡಿದರು? ಅದನ್ನು ಯಾರೂ ಬರೆದಿಲ್ಲ. ಆದರೂ ಬಾರ್ನಬ ಮತ್ತು ಪೌಲರು ಮರಳಿ ಬಂದಾಗ ಸಭೆ ಅಲ್ಲೇ ಇತ್ತು. ಎಲ್ಲರನ್ನೂ ಕೂಡಿಸಿ ನಡೆದದ್ದನ್ನೆಲ್ಲ ಹೇಳಿದರು. ಯಾರೋ ಅದನ್ನು ನಡೆಸಿಕೊಂಡು ಬಂದಿರಲೇಬೇಕಲ್ಲ.

ನಾನು ತಾಳವಾಡಿಗೆ ಬಂದಾಗ ಕನ್ನಡ ಓದಲು ಬರುತ್ತಿರಲಿಲ್ಲ. ಮೊದಲ ಪ್ರಬೋಧನೆಯನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. "ಯೇಸುವೇ ನಮ್ಮ ಗುರಿ" ಎನ್ನಬೇಕಾದವನು "ಯೇಸುವೇ ನಮ್ಮ ಕುರಿ" ಎಂದುಬಿಟ್ಟೆ. ಯಾರೂ ನಗಲಿಲ್ಲ. ಪೂಜೆ ಮುಗಿದ ಮೇಲೆ ಮೇಷ್ಟ್ರು ಹತ್ತಿರ ಬಂದು, "ದೇವರ ಕುರಿಮರಿ ತಾನೇ ಸ್ವಾಮಿ, ತಪ್ಪೇನಿಲ್ಲ ಬಿಡಿ" ಎಂದರು. ಮಾರನೆಯ ದಿನದಿಂದ ಸ್ಲೇಟು ಹಿಡಿದು ನನಗೆ ಅಕ್ಷರ ಕಲಿಸಿದರು. ದಿಂಬಂ ಘಾಟಿಯ 27 ತಿರುವು ಹತ್ತಿ ಬರುವ ತಮಿಳು ಸುತ್ತೋಲೆಗಳನ್ನು ಶನಿವಾರ ರಾತ್ರಿ ಕೂತು ಕನ್ನಡಕ್ಕೆ ತರುತ್ತಿದ್ದವರೂ ಅವರೇ. ನಮ್ಮ ಮಕ್ಕಳು ಪರಲೋಕ ಮಂತ್ರವನ್ನು ಅಜ್ಜಿಯರ ಭಾಷೆಯಲ್ಲೇ ಹೇಳುತ್ತಿರುವುದು ಅವರಿಂದ.

ಇನ್ನು ಮುಂದೆ ಓದುವವರಿಲ್ಲದಿದ್ದರೆ ಕನ್ನಡ ವಾಚನವನ್ನು ಯಾರೂ ಬಂದು ನಿಲ್ಲಿಸಬೇಕಾಗಿಲ್ಲ, ತಾನಾಗಿಯೇ ನಿಂತುಹೋಗುತ್ತದೆ. ಮುಂದಿನ ಭಾನುವಾರದ ವಾಚಕರ ಪಟ್ಟಿಯಲ್ಲಿ ಮೊದಲ ಸಾಲು ಖಾಲಿ ಇದೆ. ಪುಸ್ತಕ ವಾಚನ ಪೀಠದ ಮೇಲಿರುತ್ತದೆ. ಶನಿವಾರ ಸಂಜೆ ಜಪಸರ ಮುಗಿದ ಮೇಲೆ ಬಂದು ಓದಿ ನೋಡಿ. ತಪ್ಪಾದೀತೆಂದು ಹೆದರಬೇಡಿ. ಕೇಳುವವನು ಕುರಿ ಎಂದವನೇ.

ಮೇಷ್ಟ್ರೇ, ಅಮ್ಮನವರನ್ನೂ ಮಕ್ಕಳನ್ನೂ ಕರೆದುಕೊಂಡು ಬಲಿಪೀಠದ ಮುಂದೆ ಬನ್ನಿ. ನಾವೆಲ್ಲರೂ ಎದ್ದು ನಿಂತು ಇವರತ್ತ ಕೈಚಾಚಿ ಪ್ರಾರ್ಥಿಸೋಣ.